ಹೊಳೆದಂಡೆಯ ಓಣಿಯಿಂದ ತಂದ ಗ್ರಾಫಿಕ್ಸ್ ಕಾರ್ಡ್

ನಾನು ಮಿರಜ ಪೇಟೆಯಲ್ಲಿ ದನದ ಹಿಂಡಿಯ ಅಂಗಡಿ ನಡೆಸುತ್ತೇನೆ. ಹೆಂಡತಿ ಶಾಲೆಯಲ್ಲಿ ಗಣಿತ ಕಲಿಸುತ್ತಾಳೆ. ಸಂಜೆ ಇಬ್ಬರೂ ಸರದಿಯ ಮೇಲೆ ಕಂಪ್ಯೂಟರಿನಲ್ಲಿ ಕಾರಿನ ರೇಸ್ ಆಡುವುದು ನಮ್ಮ ಮನೆಯ ಪದ್ಧತಿ. ಮದುವೆಯ ಹೊಸದರಲ್ಲಿ ಕೊಂಡ ಕಂಪ್ಯೂಟರ್ ಅದು. ಕಳೆದ ವರ್ಷ ಹೊಸ ಆಟವೊಂದನ್ನು ಹಾಕಿಕೊಂಡಾಗ ಅದಕ್ಕೆ ಏದುಸಿರು ಶುರುವಾಯಿತು. ಪ್ರತಿ ತಿರುವಿನಲ್ಲೂ ಪರದೆಯ ಚಿತ್ರ ಗಕ್ಕನೆ ನಿಲ್ಲುತ್ತಿತ್ತು. ಮತ್ತೆ ಚಲಿಸುವ ಹೊತ್ತಿಗೆ ಕಾರು ಗೋಡೆಗೆ ಗುದ್ದಿಯಾಗಿರುತ್ತಿತ್ತು.

ಸಾಂಗಲಿಯ ಒಂದು ಅಂಗಡಿಗೆ ಒಯ್ದೆವು. ಅಂಗಡಿಯವನು ಮುಚ್ಚಳ ಬಿಚ್ಚಿ ಒಳಗೆ ಇಣುಕಿ, ಇದರಲ್ಲಿ ಏನೂ ಉಳಿದಿಲ್ಲ, ಪೂರ್ತಿ ಹೊಸದನ್ನೇ ತೆಗೆದುಕೊಳ್ಳಿ ಎಂದು ಮರಾಠಿಯಲ್ಲಿ ಹೇಳಿದ. ಹಳೆಯದನ್ನು ಇಲ್ಲೇ ಬಿಟ್ಟು ಹೋಗಿ ಎಂದೂ ಸೇರಿಸಿದ. ಏನೂ ಉಳಿಯದ ವಸ್ತು ಅವನಿಗೆ ಯಾಕೆ ಬೇಕು? ನಾನು ಹೆಂಡತಿಯ ಮುಖ ನೋಡಿದೆ. ಅವಳು ಆಗಲೇ ಮುಚ್ಚಳ ಹಾಕುತ್ತಿದ್ದಳು.

ಹೊಸದನ್ನು ಕೊಳ್ಳುವ ಶಕ್ತಿಯೂ ನಮಗೆ ಇರಲಿಲ್ಲ. ಮೆಮೊರಿ ಸ್ವಲ್ಪ ಹೆಚ್ಚಿಸಿ, ಗ್ರಾಫಿಕ್ಸ್ ಕಾರ್ಡ್ ಮಾತ್ರ ಬೇರೆಯವರು ಬಳಸಿದ್ದನ್ನು ಹುಡುಕುವುದೆಂದು ತೀರ್ಮಾನವಾಯಿತು. ಮೊಬೈಲಿನಲ್ಲಿ ಒಂದು ಜಾಹೀರಾತು ಕಂಡಿತು. ಕಾರ್ಡ್ ಒಳ್ಳೆಯದು, ಉಳಿದವರು ಹೇಳುವ ಬೆಲೆಗಿಂತ ಅಗ್ಗ. ವಿಳಾಸ ಮಾತ್ರ ಸಾಂಗಲಿಯ ಹೊಳೆದಂಡೆಯ ಓಣಿ. ಕೃಷ್ಣೆಯ ನೀರು ಊರು ಹೊಕ್ಕ ವರ್ಷ ಆ ಕಡೆಯ ಅಂಗಡಿಗಳ ಟಿವಿ, ಮಿಕ್ಸರ್‌ಗಳೆಲ್ಲ ಮುಳುಗೆದ್ದು, ಬಿಸಿಲಿಗೆ ಒಣಗಿ, ಹೊಸ ಡಬ್ಬಿ ಸೇರಿ ಮಾರಾಟವಾದದ್ದನ್ನು ಕೇಳಿ ಬಲ್ಲೆ. ಅಗ್ಗದ ಹಿಂಡಿ ಬಂದರೆ ಚೀಲದ ತಳದವರೆಗೆ ಕೈಹಾಕಿ ನೋಡುವವನು ನಾನು.

ಭಾನುವಾರ ಬೆಳಿಗ್ಗೆ ಕಂಪ್ಯೂಟರಿನ ಕ್ಯಾಬಿನೆಟ್ಟನ್ನು ಚಾದರದಲ್ಲಿ ಸುತ್ತಿ ರಿಕ್ಷಾದಲ್ಲಿ ಹೊರಟೆವು. ನಮ್ಮ ಮಷೀನಿಗೇ ಹಾಕಿ ನೋಡದೆ ಕೊಳ್ಳಬಾರದೆಂದು ಹೆಂಡತಿಯ ಹಟ.

ಬಾಗಿಲು ತೆರೆದವರು ವಯಸ್ಸಾದ ಒಬ್ಬ ಗೃಹಸ್ಥರು. ಇಸ್ತ್ರಿ ಮಾಡಿದ ಅಂಗಿ, ಬಿಳಿ ಮೀಸೆ, ಮರಾಠಿ ಮಾತು. ಪಡಸಾಲೆಯ ಗೋಡೆಯಲ್ಲಿ ನನ್ನ ಭುಜದ ಎತ್ತರಕ್ಕೆ ನೀರು ನಿಂತಿದ್ದ ಗೆರೆ ಬಣ್ಣದಡಿಯಿಂದ ಇನ್ನೂ ಕಾಣುತ್ತಿತ್ತು. ಕಾರ್ಡ್ ಯಾರದೆಂದು ಕೇಳಿದೆ. ತಮ್ಮ ಅಣ್ಣನ ಮಗನದು ಎಂದರು. ಅವನು ಎಲ್ಲಿದ್ದಾನೆ ಎಂದರೆ ಪುಣೆ ಎಂದರು. ಸ್ವಲ್ಪ ಹೊತ್ತಿನ ಮೇಲೆ ಹೆಂಡತಿ ಅದನ್ನೇ ಇನ್ನೊಂದು ರೀತಿಯಲ್ಲಿ ಕೇಳಿದಾಗ ಅವನು ನಾಶಿಕಕ್ಕೆ ಹೋಗಿಬಿಟ್ಟಿದ್ದ. ಅಷ್ಟರಲ್ಲಿ ಮೇಲಿನ ಮಾಳಿಗೆಯಿಂದ ಫ್ಯಾನು ಗಿರ್ರೆನ್ನುವ ಸದ್ದು, ಜೊತೆಗೆ ಪಟಪಟ ಕೀಲಿ ಒತ್ತುವ ಸದ್ದು. ಮೆಟ್ಟಿಲ ಕಡೆ ನೋಡಿದೆ. ಅವರು ಮೆಲ್ಲನೆ ಬಂದು ಮೆಟ್ಟಿಲಿಗೆ ಅಡ್ಡ ನಿಂತರು.

ಅವರಿಗೆ ತಿಳಿಯದಿರಲೆಂದು ನಾನು ಕನ್ನಡದಲ್ಲಿ ಹೆಂಡತಿಗೆ ಹೇಳಿದೆ, "ಸುಳ್ಳ ಹೇಳಾಕತ್ತಾರ. ಮ್ಯಾಲ ಏನೋ ಐತಿ."

"ಕಳವಿನ ಮಾಲ ಇರಬೇಕು," ಅಂದಳು ಅವಳು. "ಇಲ್ಲಾ ನೀರಾಗ ಮುಳುಗಿದ್ದು. ನಡೀರಿ, ಹೋಗೂಣು."

ಮಾಳಿಗೆಯ ಸದ್ದು ನಿಂತಿತು. ಮೇಲಿನಿಂದ ಒಂದು ಹೆಣ್ಣು ದನಿ ಕೇಳಿತು.

"ಕಳವಿಂದೂ ಅಲ್ಲ, ಮುಳುಗಿದ್ದೂ ಅಲ್ಲವ್ವಾ. ಅದು ನಂದು. ಮ್ಯಾಲ ಬರ್ರಿ."

ಗೃಹಸ್ಥರು ಕಣ್ಣುಮುಚ್ಚಿ ಹಣೆ ಒತ್ತಿಕೊಂಡರು. ನಾವು ಮೆಟ್ಟಿಲು ಹತ್ತಿದೆವು.

ಮೇಲೆ ಕಿಟಕಿಯ ಪಕ್ಕದಲ್ಲಿ ಅವರ ಹೆಂಡತಿ ಕೂತಿದ್ದರು. ನರೆತ ಕೂದಲು, ಒಂದು ಕಿವಿಯಿಂದ ಸರಿಸಿದ ದೊಡ್ಡ ಹೆಡ್‌ಫೋನು, ಮುಂದೆ ಮೇಜಿಗೆ ಕಟ್ಟಿದ ಸ್ಟೇರಿಂಗು. ಅವರ ತವರು ಅಥಣಿ ಕಡೆಯದಂತೆ. ಮೊಣಕಾಲಿನ ಆಪರೇಷನ್ ಆಗಿ ಹಾಸಿಗೆ ಹಿಡಿದಾಗ ಅಳಿಯ ಆಟ ಕಲಿಸಿದನಂತೆ. ಕಾಲು ವಾಸಿಯಾದರೂ ಆಟ ಬಿಡಲಿಲ್ಲ. ಈಗ ಹೊಸ ಕಾರ್ಡ್ ಕೊಂಡಿದ್ದರಿಂದ ಹಳೆಯದು ಮಾರಾಟಕ್ಕಿತ್ತು.

"ಈ ವಯಸ್ಸಿನ್ಯಾಗ ಹೆಣ್ತಿ ಗೇಮ್ ಆಡ್ತಾಳಂತ ಹೇಳಾಕ ಇವರಿಗೆ ನಾಚಿಗಿ," ಎಂದರು. "ಅದಕ್ಕ ಇಲ್ಲದ ಅಣ್ಣನ ಮಗನ್ನ ಹುಟ್ಟಿಸ್ಯಾರ."

ಹೊಳೆ ಬಂದ ವರ್ಷ ಈ ಕಾರ್ಡ್ ಇನ್ನೂ ಮನೆಗೆ ಬಂದಿರಲಿಲ್ಲವೆಂದೂ, ಕಂಪ್ಯೂಟರ್ ಯಾವತ್ತೂ ಮಾಳಿಗೆ ಬಿಟ್ಟು ಇಳಿದಿಲ್ಲವೆಂದೂ ಹೇಳಿದರು. ಆಮೇಲೆ ಅವರ ತನಿಖೆ ಶುರುವಾಯಿತು. ನೀವು ಖರೇನ ಆಡುವವರೋ, ಇಲ್ಲಿಂದ ಒಯ್ದು ಹೆಚ್ಚಿಗೆ ಮಾರುವವರೋ? ನನ್ನ ಹೆಂಡತಿಯನ್ನು ಸ್ಟೇರಿಂಗಿನ ಮುಂದೆ ಕೂರಿಸಿ ಒಂದು ಸುತ್ತು ಓಡಿಸಲು ಹೇಳಿದರು. ಓಡಿಸಿದ್ದನ್ನು ನೋಡಿ, "ಬ್ರೇಕ್ ತಡಾ ಹಾಕ್ತಿ. ಆದ್ರ ಆಡಾಕಿನ ಅದಿ," ಎಂದು ಒಪ್ಪಿದರು.

ನಮ್ಮ ಕ್ಯಾಬಿನೆಟ್ಟಿನಲ್ಲಿ ಕಾರ್ಡ್ ಹಾಕಿ ನೋಡಿದೆವು. ಚೆನ್ನಾಗಿಯೇ ನಡೆಯಿತು. ಬ್ಯಾಟರಿ ಬೆಳಕಿನಲ್ಲಿ ನಾನು ಅದರ ಮೂಲೆ ಮೂಲೆ ಹುಡುಕಿದೆ. ಮಣ್ಣಿಲ್ಲ, ತುಕ್ಕಿಲ್ಲ. ಹೊರಡುವಾಗ ಅವರು, "ನಿಮ್ಮ ಪವರ್ ಸಪ್ಲೈ ಭಾಳ ಹಳೇದೈತಿ. ಈ ಕಾರ್ಡಿನ ಭಾರ ತಡಿಯಂಗಿಲ್ಲ. ನಮ್ಮ ಅಳಿಯನ ಅಂಗಡ್ಯಾಗ ಛಲೋ ಸಿಗತಾವ," ಎಂದರು.

ಅಳಿಯನ ಅಂಗಡಿ! ನನ್ನ ಮನಸ್ಸಿನಲ್ಲಿ ಮತ್ತೆ ಗಂಟೆ ಹೊಡೆಯಿತು. ಇದಕ್ಕೇ ಇಷ್ಟು ಅಗ್ಗ ಎಂದುಕೊಂಡೆ. ರಿಕ್ಷಾದಲ್ಲಿ ಹೆಂಡತಿಯೂ ಅದನ್ನೇ ಅಂದಳು.

ಮನೆಯಲ್ಲಿ ಮೊದಲ ದೊಡ್ಡ ರೇಸಿನ ನಡುವೆಯೇ ಮಷೀನು ದೀಪ ಆರಿಸಿದ ಹಾಗೆ ಆರಿತು. ಮತ್ತೆ ಹಚ್ಚಿದರೆ ಮತ್ತೆ ಆರಿತು. ಒಂದೋ ನಮಗೆ ಟೊಪ್ಪಿ ಹಾಕಿದ್ದಾರೆ, ಇಲ್ಲವೇ ಅವರು ಹೇಳಿದ್ದು ನಿಜ. ಎರಡೂ ಕಹಿಯೇ. ನಾನು ಅಳಿಯನ ಅಂಗಡಿಗೆ ಹೋಗಲಿಲ್ಲ. ಮಿರಜ ಸ್ಟೇಷನ್ ಹತ್ತಿರದ ಅಂಗಡಿಯಲ್ಲಿ, ಡಬ್ಬಿಯನ್ನು ನನ್ನ ಕಣ್ಣೆದುರೇ ಒಡೆಸಿ, ಪವರ್ ಸಪ್ಲೈ ತಂದೆ. ಸಾಯಂಕಾಲ ಜೋಡಿಸಿ ಆಡಲು ಕೂತೆವು. ಈ ಸಲ ಆರಲಿಲ್ಲ.

"ಅಯ್ಯ, ಇಲ್ಲೆ ಗಿಡಾ ಅದಾವ!" ಎಂದು ಹೆಂಡತಿ ಕೂಗಿದಳು. ನಮ್ಮ ಹಳೆಯ ಕಾರ್ಡಿನಲ್ಲಿ ಬೋಳಾಗಿ ಕಾಣುತ್ತಿದ್ದ ತಿರುವಿನ ಆಚೆ ಮರಗಳ ಸಾಲಿತ್ತು. ಅದರ ನೆರಳು ರಸ್ತೆಯ ಮೇಲೆ ಓಡುತ್ತಿತ್ತು. ಅವಳು ನೋಡುತ್ತಾ ಕೂತು ಆ ಸುತ್ತಿನಲ್ಲಿ ಕೊನೆಯವಳಾದಳು.

ಮುಂದಿನ ವಾರ ಸಾಂಗಲಿಯಿಂದ ಸಂದೇಶ ಬಂತು, ಇಂಟರ್ನೆಟ್ಟಿನಲ್ಲಿ ಜೊತೆಗೆ ಓಡಿಸೋಣವೇ ಎಂದು. ಅಂದಿನಿಂದ ಆ ಹಿರಿಯಾಕೆಯೂ ನನ್ನ ಹೆಂಡತಿಯೂ ಪ್ರತಿ ಭಾನುವಾರ ಓಡಿಸುತ್ತಾರೆ. ಮೊದಲ ದಿನ ಹಿರಿಯಾಕೆ ನನ್ನ ಹೆಂಡತಿಯನ್ನು ಎಷ್ಟು ಹಿಂದೆ ಬಿಟ್ಟರೆಂದರೆ, ಅವರ ಕಾರು ಕಣ್ಣಿಗೇ ಬೀಳಲಿಲ್ಲ.

"ಈ ಮಾವಶಿ ಏನೋ ಲಬಾಡಿ ಮಾಡಾಕತ್ತಾಳ," ಅಂದಳು ಹೆಂಡತಿ.

ರೇಸಿನ ರೆಕಾರ್ಡಿಂಗನ್ನು ಮತ್ತೆ ಹಚ್ಚಿ, ಇಬ್ಬರೂ ಮುಂದಕ್ಕೆ ಬಾಗಿ, ತಿರುವು ತಿರುವು ನಿಲ್ಲಿಸಿ ನೋಡಿದೆವು. ಮೋಸ ಸಿಗಲಿಲ್ಲ. ಇನ್ನೂ ಹುಡುಕುತ್ತಿದ್ದೇವೆ.