ಗೇಟಿನಲ್ಲಿ ನಿಂತ ಎಡೆ

ಪಿತೃಪಕ್ಷದ ಅಮಾವಾಸ್ಯೆ, ಬೆಳಿಗ್ಗೆ ಹನ್ನೊಂದೂಕಾಲು. ವರ್ತೂರಿನಲ್ಲಿ ಗೆಳೆಯನ ಅಪಾರ್ಟ್‌ಮೆಂಟಿಗೆ ಬಂದಿಳಿದಾಗ, ಗೇಟಿನಲ್ಲಿ ಊರಿನ ವೃದ್ಧೆಯೊಬ್ಬರು ಬಾಳೆಲೆ ಮುಚ್ಚಿದ ಎಡೆಯ ತಟ್ಟೆ ಹಿಡಿದು ನಿಂತಿದ್ದರು. ಅವರು ಮಾರಿದ ಹೊಲದಲ್ಲಿದ್ದ ಗಂಡನ ಸಮಾಧಿ ಈಗ ಕಾಂಪೌಂಡಿನ ಒಳಗಿದೆಯಂತೆ. ಕಾವಲುಗಾರನಿಗೆ ಹಿಂದಿ ಮಾತ್ರ ಬರುತ್ತಿತ್ತು.

“ಫ್ಲಾಟ್ ನಂಬರ್ ಬೋಲೋ, ಅಮ್ಮಾ.”

“ಫ್ಲಾಟಲ್ಲಿಲ್ಲ ಕಣಪ್ಪಾ, ಮಣ್ಣಲ್ಲವ್ರೆ!”

ನಾನು ಹಿಂದಿಯಲ್ಲಿ ವಿವರಿಸಿದೆ. ಅವನು ಕಮಿಟಿಯವರಿಗೆ ಫೋನ್ ಮಾಡಿದ. ಆ ಕಡೆಯಿಂದ ಸ್ಪೀಕರಿನಲ್ಲಿ ಬಂದ ಇಂಗ್ಲಿಷ್ ಉತ್ತರವನ್ನು ಇಬ್ಬರಿಗೂ ಅವರವರ ಭಾಷೆಯಲ್ಲಿ ನಾನೇ ಹೇಳಬೇಕಾಯಿತು: ಊಟ ತಂದವರಿಗೆ ಒಳಗೆ ಪ್ರವೇಶವಿಲ್ಲ, ಗೇಟಿನಲ್ಲೇ ಇಟ್ಟು ಹೋಗಲಿ. ಕಾವಲುಗಾರ ತಟ್ಟೆಯನ್ನು ಪಾರ್ಸೆಲ್‌ಗಳ ಕಪಾಟಿನಲ್ಲಿಡಲು ಕೈ ಚಾಚಿದ.

ಆಕೆ ತಟ್ಟೆಯನ್ನು ಎದೆಗವಚಿಕೊಂಡರು. “ಅವರಪ್ಪಂಗೂ ಇಂಗೇ ಎಡೆ ಇಕ್ತಾರಾ, ಕೇಳಿ ಸಾರ್.”

ಏನಂದರೆಂದು ಕಾವಲುಗಾರ ನನ್ನನ್ನು ಕೇಳಿದ. ಕಮಿಟಿಯವರಿಗೆ ಮತ್ತೆ ಫೋನ್ ಮಾಡು ಎಂದೆ.