ಗ್ಯಾಸ್ ಸೆಟ್ ಆಗುವ ತನಕ
ಹಳೆಯ ಸ್ಪೋರ್ಟ್ಸ್ ಕಾರುಗಳ ಎಸಿ ರಿಪೇರಿ ಮಾಡುವ ಮೆಕ್ಯಾನಿಕ್‌ನನ್ನು ನಾವೆಲ್ಲ ಕರೆಯುವುದು ತಂಪಣ್ಣ ಎಂದು. ಸಿಟ್ಟು ಮಾತ್ರ ಸದಾ ಅವನ ಮೂಗಿನ ತುದಿಯಲ್ಲೇ. ಯಾರಾದರೂ “ಸುಮ್ನೆ ಗ್ಯಾಸ್ ತುಂಬಿಬಿಡಿ” ಎಂದರೆ ಮುಗಿಯಿತು. “ತುಂಬೋಕೆ ಇದೇನು ಬಲೂನಾ? ಈ ಕಾರಿನ ಕಾಲದ ಗ್ಯಾಸು ಈಗ ಎಲ್ಲಿ ಸಿಗುತ್ತೆ? ಹೊಸಾದು ಹಾಕ್ಬೇಕಂದ್ರೆ ಪೈಪು, ರಿಂಗು, ಎಣ್ಣೆ ಎಲ್ಲಾ ಬದಲಾಯಿಸ್ಬೇಕು!” ನೆಲಕ್ಕೆ ಅಂಟಿಕೊಂಡಂತಿರುವ ಆ ಎರಡು ಸೀಟಿನ ಕಾರಿನ ಡ್ಯಾಶ್‌ಬೋರ್ಡಿನಡಿ ತಲೆ ತೂರಿಸಿದನೆಂದರೆ ಹೊರಗೆ ಕಾಣುವುದು ಅವನ ಚಪ್ಪಲಿ ಮಾತ್ರ, ಬೈಗುಳ ಒಳಗಿನಿಂದ ಬರುತ್ತಿರುತ್ತದೆ. ಪೈಪಿಗೆ ಸೋಪಿನ ನೊರೆ ಬಳಿದು, ಗ್ಯಾಸ್ ಸೋರಿ ಗುಳ್ಳೆ ಏಳುತ್ತದೆಯೇ ಎಂದು, ಮಗುವಿನ ಮೊದಲ ಹಲ್ಲು ಹುಡುಕುವವರ ಹಾಗೆ ಬಗ್ಗಿ ಹುಡುಕುತ್ತಾನೆ. ಮೀಟರ್ ನೋಡುತ್ತಾನೆ, ಆದರೆ ನಂಬುವುದಿಲ್ಲ. ಕೊನೆಗೆ ಪಕ್ಕದ ಇಸ್ತ್ರಿ ಅಂಗಡಿಯತ್ತ ತಿರುಗಿ, “ಲೇ, ಸ್ವಲ್ಪ ಬಾರೇ, ತಣ್ಣಗಿದ್ಯಾ ನೋಡು,” ಎಂದು ಕೂಗುತ್ತಾನೆ. ಬೆಳಗಿನಿಂದ ಕಾದ ಇಸ್ತ್ರಿಪೆಟ್ಟಿಗೆಯ ಮುಂದೆ ನಿಂತಿದ್ದ ಹೆಂಡತಿ, “ನಂಗೇನು ಗೊತ್ತಾಗುತ್ತೆ ಇದೆಲ್ಲಾ?” ಎಂದು ಗೊಣಗುತ್ತಲೇ ಬಂದು ಸೀಟಿನಲ್ಲಿ ಕೂರುತ್ತಾಳೆ. ಅವನು ಸದ್ದಾಗದಂತೆ ಬಾಗಿಲು ಹಾಕುತ್ತಾನೆ. ಮೊನ್ನೆ ನನ್ನ ಕಾರು ತರಲು ಹೋದಾಗ ಶೆಡ್ಡಿನ ಹೊರಗೆ ಅದರ ಎಂಜಿನ್ ಓಡುತ್ತಿತ್ತು. “ಆಯ್ತಾ?” ಎಂದೆ. ಇಡೀ ಬೀದಿಗೆ ಕೇಳುವಂತೆ ಬೈಯುವ ಮನುಷ್ಯ ತುಟಿಯ ಮೇಲೆ ಬೆರಳಿಟ್ಟ. “ಗ್ಯಾಸ್ ಇನ್ನೂ ಸೆಟ್ ಆಗ್ಬೇಕು. ಒಂದರ್ಧ ಗಂಟೆ ಬಿಟ್ಟು ಬನ್ನಿ,” ಎಂದು ಪಿಸುಗುಟ್ಟಿದ. ಗಾಜಿನಾಚೆ ಅವಳು ಬಾಯಿ ತುಸು ತೆರೆದು ನಿದ್ದೆ ಹೋಗಿದ್ದಳು. ಅವಳ ಮುಖಕ್ಕೆ ಬಿಸಿಲು ಬೀಳದ ಹಾಗೆ ಅವನು ಕಿಟಕಿಗೆ ಬೆನ್ನು ಕೊಟ್ಟು ನಿಂತಿದ್ದ, ಬೆವರುತ್ತ.