ನಯವಾಗಿ ಹೇಳುವ ಕೆಲಸ

ಬದನಗುಪ್ಪೆಯ ಕೈಗಾರಿಕಾ ಪ್ರದೇಶದಲ್ಲಿ ಶರಟು ಹೊಲಿಯುವ ಒಂದು ಗಾರ್ಮೆಂಟ್ಸ್ ಇದೆ. ಅದರ ನಾಲ್ಕನೇ ಲೈನಿನಲ್ಲಿ ಜಗಳವೆದ್ದರೆ ಹೆಂಗಸರು ಸೂಪರ್‌ವೈಸರನ್ನು ಕರೆಯುತ್ತಿರಲಿಲ್ಲ, ಶಬೀನಾಳನ್ನು ಕರೆಯುತ್ತಿದ್ದರು. ಚಾಮರಾಜನಗರದ ಟೈಲರ್ ಮನೆತನದ ಹೆಣ್ಣು ಅವಳು. ಮನೆಯಲ್ಲಿ ಉರ್ದು, ಲೈನಿಗೆ ಬಂದರೆ ಅಪ್ಪಟ ಹಳ್ಳಿಗನ್ನಡ. ಗಂಡನ ಕೈಲಿ ಏಟು ತಿಂದು ಬಂದವಳು ಯಾರು, ಹೊಟ್ಟೆಗಿಲ್ಲದೆ ಬಂದವಳು ಯಾರು ಎಂದು ಮುಖ ನೋಡಿಯೇ ಹೇಳಿಬಿಡುತ್ತಿದ್ದಳು. ಬಾಯಿದ್ದವರು ಬರಗಾಲದಲ್ಲೂ ಬದುಕುತ್ತಾರೆ ಎನ್ನುತ್ತಾರಲ್ಲ, ಅವಳು ತನ್ನ ಬಾಯಿಂದ ಊರವರನ್ನೆಲ್ಲ ಬದುಕಿಸುತ್ತಿದ್ದಳು. ಆದರೂ ಹದಿನಾಲ್ಕು ವರ್ಷ ಮಿಷನ್ ತುಳಿದು ಟೈಲರಾಗಿಯೇ ಉಳಿದಿದ್ದಳು.

ಅವಳ ಪಕ್ಕದ ಮಿಷನ್ನು ಭೀಮನಬೀಡಿನ ಮಲ್ಲಮ್ಮನದು. ವಯಸ್ಸು ಐವತ್ತರ ಹತ್ತಿರ, ಮೈತುಂಬ ಸಕ್ಕರೆ ಕಾಯಿಲೆ. ಗಂಟೆಗೊಮ್ಮೆ ಎದ್ದು ಹೋಗಲೇಬೇಕು. ಆ ಫ್ಯಾಕ್ಟರಿಯಲ್ಲಿ ಬಾತ್‌ರೂಮಿಗೆ ಹೋಗುವುದಕ್ಕೂ ಟೋಕನ್: ಊಟಕ್ಕೆ ಮುಂಚೆ ಒಂದು, ಆಮೇಲೆ ಒಂದು. ಮನುಷ್ಯರ ಉಚ್ಚೆಗೂ ರೇಷನ್ ಹಾಕಿದ ಪುಣ್ಯಾತ್ಮರು!

ಮಲ್ಲಮ್ಮನ ಊರಲ್ಲಿ ಅರಿಸಿನ ಕೀಳುವಾಗ ಮುಯ್ಯಾಳು ಪದ್ಧತಿ ಇದೆ. ಇವತ್ತು ನಿನ್ನ ಹೊಲಕ್ಕೆ ನಾನು, ನಾಳೆ ನನ್ನ ಹೊಲಕ್ಕೆ ನೀನು. ಶಬೀನಾ ಅದನ್ನೇ ಲೈನಿಗೆ ತಂದಳು. ಮಲ್ಲಮ್ಮ ಎದ್ದು ಹೋದಾಗ ಅಕ್ಕಪಕ್ಕದವರು ತಮ್ಮ ಟೋಕನ್ ಕೊಟ್ಟು, ಅವಳ ಕಾಲರುಗಳನ್ನು ಹೊಲಿದು ಹಾಕುವರು. ಬೆಳಿಗ್ಗೆ ಕೈ ಚುರುಕಾಗಿರುವಾಗ ಮಲ್ಲಮ್ಮ ಅವರದನ್ನು ಹೊಲಿದು ಮುಯ್ಯಿ ತೀರಿಸುವಳು. ಸೂಪರ್‌ವೈಸರನಿಗೆ ಇದೆಲ್ಲ ಗೊತ್ತಿತ್ತು. ಸಂಜೆಗೆ ಕೆಲಸ ಮುಗಿಯುತ್ತಿದ್ದುದರಿಂದ ಅವನು ಸುಮ್ಮನಿದ್ದ.

ಒಂದು ಶನಿವಾರ ಎಚ್‌ಆರ್ ಮ್ಯಾನೇಜರ್ ಸುನೀಲ್ ಕುಮಾರ್ ಮೈಸೂರಿನಿಂದ ಟ್ರೈನರ್ ಒಬ್ಬಳನ್ನು ಕರೆಸಿದ. ಕೆಲಸದ ಜಾಗದಲ್ಲಿ ಜನರ ಜೊತೆ ಹೇಗಿರಬೇಕೆಂದು ಪಾಠ. ನಗುವುದು ಹೇಗೆ, ಎದುರಿನವರ ಕಷ್ಟ ಕೇಳುವುದು ಹೇಗೆ! ಮೀನಿಗೆ ಈಜು ಕಲಿಸಿದ ಹಾಗಿತ್ತು. ಕೊನೆಗೆ ಆಕೆ, ನೀವು ಕಷ್ಟದಲ್ಲಿ ಒಬ್ಬರಿಗೊಬ್ಬರು ಹೇಗೆ ನೆರವಾಗುತ್ತೀರಿ, ಯಾರಾದರೂ ಹೇಳಿ ಎಂದಳು. ಶಬೀನಾ ಎದ್ದು ನಿಂತು, ಹೆಮ್ಮೆಯಿಂದ, ಮುಯ್ಯಿಯ ಕಥೆಯನ್ನೆಲ್ಲ ಹೇಳಿಬಿಟ್ಟಳು. ಟ್ರೈನರ್ ಚಪ್ಪಾಳೆ ತಟ್ಟಿದಳು. ಸುನೀಲ್ ಕುಮಾರ್ ಮೊಬೈಲಿನಲ್ಲಿ ಏನೋ ಬರೆದುಕೊಂಡ.

ಸೋಮವಾರ ಅವನು ಶಬೀನಾಳನ್ನು ಕರೆಸಿದ.

"ಜನರನ್ನ ಹ್ಯಾಂಡಲ್ ಮಾಡೋ ಕಲೆ ನಿಮಗಿದೆ. ಮುಂದಿನ ತಿಂಗಳಿಂದ ನೀವೇ ಸೂಪರ್‌ವೈಸರ್."

ಅವಳ ಕಣ್ಣು ತುಂಬಿ ಬಂತು. ಅವನು ಒಂದು ಕಾಗದವನ್ನು ಮುಂದೆ ತಳ್ಳಿದ.

"ಮಲ್ಲಮ್ಮನ ರಾಜೀನಾಮೆ. ಅವರ ಕೆಲಸ ಬೇರೆಯವರು ಮಾಡ್ತಾರೆ ಅಂತ ನೀವೇ ಅಂದ್ರಲ್ಲ. ನಾನು ಕೇಳಿದ್ರೆ ಗಲಾಟೆ ಆಗತ್ತೆ. ನೀವು ನಯವಾಗಿ ಹೇಳಿ ಸಹಿ ಹಾಕಿಸಿ."

"ಅವ್ಳು ತೀರಿಸ್ತಾಳಲ್ಲ ಸಾರ್!"

"ಇಲ್ಲಾಂದ್ರೆ ಟೋಕನ್ ಕೊಟ್ಟವರನ್ನೆಲ್ಲ ತೆಗೀಬೇಕಾಗತ್ತೆ. ಆರು ಜನ."

ಇಷ್ಟನ್ನೂ ಅವನು ನಗುನಗುತ್ತಲೇ ಹೇಳಿದ. ಶಬೀನಾ ಕಾಗದ ತೆಗೆದುಕೊಂಡಳು. ಆರು ಜನರ ಮುಖ ಕಣ್ಣ ಮುಂದಿತ್ತು. ಸೂಪರ್‌ವೈಸರ್ ಕೆಲಸವೂ ಇತ್ತು, ಇರಲಿಲ್ಲವೆಂದರೆ ಸುಳ್ಳಾಗುತ್ತದೆ.

ಊಟದ ಹೊತ್ತಿನಲ್ಲಿ ಮಲ್ಲಮ್ಮನನ್ನು ಹೊಂಗೆ ಮರದ ಕೆಳಗೆ ಕರೆದೊಯ್ದು ಕೈ ಹಿಡಿದುಕೊಂಡಳು. ಅವಳ ಪಾದದ ಹುಣ್ಣಿನ ಮಾತೆತ್ತಿದಳು. ದಿನಾ ಕತ್ತಲಲ್ಲೇ ಎದ್ದು ಬರುವ ಕಷ್ಟವನ್ನು ನೆನೆದಳು. ಕಂಪನಿಯವರಿಗೆ ನಿನ್ನ ಆರೋಗ್ಯದ್ದೇ ಚಿಂತೆ ಅಕ್ಕ, ಕೆಲಸ ಬಿಟ್ಟು ಮನೆಯಲ್ಲಿ ಸುಧಾರಿಸಿಕೋ ಎಂದಳು. ಬೆಣ್ಣೆಯಲ್ಲಿ ಕೂದಲು ತೆಗೆದ ಹಾಗೆ ಕೆಲಸವಾಯಿತು. ಮಲ್ಲಮ್ಮ ಸಹಿ ಹಾಕಿದಳು.

"ನನ್ ಒಟ್ಟೇಲಿ ಉಟ್ಟಿದ್ರೂ ಇಂಗೆ ಯಾರೂ ನೋಡ್ಕತಿರ್ನಿಲ್ಲ ಕಣಮ್ಮಿ" ಎಂದು ಅವಳ ತಲೆ ಸವರಿದಳು.

ಥೂ! ಆ ಕೈ ತಲೆಯ ಮೇಲಿರುವಷ್ಟು ಹೊತ್ತೂ ಶಬೀನಾಗೆ ತನ್ನ ನಾಲಗೆಯನ್ನೇ ಉಗಿದುಬಿಡಬೇಕು ಎನಿಸಿತು.

ಸಹಿ ನೋಡಿದ ಸುನೀಲ್ ಕುಮಾರ್, "ಅಳಲಿಲ್ವಾ? ವೆರಿ ಗುಡ್. ಎರಡನೇ ಲೈನಲ್ಲೂ ಇಬ್ಬರಿದ್ದಾರೆ. ನಾಳೆ ಅವರಿಗೂ ನೀವೇ ಹೇಳ್ಬಿಡಿ" ಎಂದ.

"ನಿಮ್ ಸೂಪರ್‌ವೈಸರ್ ಕೆಲ್ಸ ನೀವೇ ಮಡಿಕಳಿ. ಇಂಥ ಹೇಸಿಗೆ ಇನ್ನೊಂದ್ ಸಲ ನನ್ ಕೈಲಾಗಲ್ಲ" ಎಂದು ಶಬೀನಾ ಹೊರಗೆ ಬಂದಳು.

ಸಂಜೆ ಗುಂಡ್ಲುಪೇಟೆ ಕಡೆಯ ಕಂಪನಿ ಬಸ್ಸಿನಲ್ಲಿ ಮಲ್ಲಮ್ಮ ಕಿಟಕಿಯ ಪಕ್ಕ ಕುಳಿತಿದ್ದಳು. ಶಬೀನಾ ಓಡಿ ಹೋಗಿ ಕಿಟಕಿಯ ಕಂಬಿ ಹಿಡಿದು ನಿಂತಳು. ಶನಿವಾರ ತಾನು ಆಡಿದ ಮಾತೇ ಅವಳ ಕೆಲಸ ತಿಂದದ್ದು, ಆರೋಗ್ಯದ ಮಾತೆಲ್ಲ ತಾನೇ ಕಟ್ಟಿದ್ದು ಎಂದು ಅಳುತ್ತ ಒಪ್ಪಿಕೊಂಡಳು. ಮಲ್ಲಮ್ಮ ಕಿಟಕಿಯತ್ತ ಬಾಗಿದಳು.

"ಶನಿವಾರದ್ದು ಓಗ್ಲಿ ಬುಡು, ತಿಳೀದೆ ಅಂದೆ" ಎಂದಳು. "ಮಧ್ಯಾನ ಯಾಕಮ್ಮಿ ಅಷ್ಟು ಚೆಂದಾಗಿ ಮಾತಾಡ್ದೆ?"